ಮೇಳದ ಹಾಡು, ಒಬ್ಬನ ಹೆಸರು

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಹಾಡುಗಾರರನ್ನು ಮೂರು ತೆರನಾಗಿ ವಿಂಗಡಿಸಿರುವನು. ಒಬ್ಬನೇ ನಿಂತು ಹಾಡಬಲ್ಲವನು ಏಕಲ. ಇನ್ನೊಬ್ಬನ ಜೊತೆಗೂಡಿ ಹಾಡುವವನು ಯಮಲ. ಸಮೂಹದೊಡನೆ ಹಾಡುವವನು ವೃಂದಗಾಯನ. ಅಷ್ಟಕ್ಕೇ ನಿಲ್ಲದೆ, ಉತ್ತಮವಾದ ವೃಂದದಲ್ಲಿ ಯಾರು ಯಾರು ಎಷ್ಟೆಷ್ಟು ಮಂದಿ ಇರಬೇಕೆಂಬುದನ್ನೂ ಆತನು ಎಣಿಸಿ ಹೇಳಿರುವನು: ಮುಖ್ಯ ಹಾಡುಗಾರರು ೪, ಅವರಿಗೆ ದನಿಗೂಡಿಸುವವರು ೮, ಹಾಡುಗಾರ್ತಿಯರು ೧೨, ಕೊಳಲಿನವರು ೪, ಮೃದಂಗದವರು ೪. ಇಲ್ಲಿ ಮುಖ್ಯರಾದವರು ನಾಲ್ವರೇ ಹೊರತು ಒಬ್ಬನಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಒಬ್ಬನೇ ಮುಖ್ಯನಾಗಿರುವ ವೃಂದವನ್ನು ಶಾರ್ಙ್ಗದೇವನು ಕನಿಷ್ಠದ ಸಾಲಿಗೆ ಇಳಿಸಿರುವನು.

ಏಳುನೂರು ವರುಷಗಳ ಹಿಂದಿನ ಈ ಲೆಕ್ಕವನ್ನು ಇಂದಿನ ರಾಕ್ ಮೇಳಗಳಿಗೆ ಹಚ್ಚಿ ನೋಡುವದು ಕೆಲವರಿಗೆ ವಿನೋದವಾಗಿ ತೋರಬಹುದು. ಆದರೆ ಕನ್ನಡದ ತತ್ತ್ವಪದಗಳನ್ನು ಗಿಟಾರು, ಡ್ರಮ್ಮುಗಳೊಡನೆ ಹಾಡಿ, ಕಡಲಾಚೆಗೂ ಅವುಗಳನ್ನು ಒಯ್ದ ರಘು ದೀಕ್ಷಿತರ ಕೃತಿಯನ್ನು ತೂಗಿ ನೋಡಬೇಕಾದಾಗ ಇದಕ್ಕಿಂತ ಸರಿಯಾದ ತಕ್ಕಡಿ ದೊರೆಯುವದು ಕಷ್ಟ. ಅವರು ವೃಂದಗಾಯನರೋ, ಏಕಲರೋ? ಮೇಳದಿಂದ ಹೊರಟು ತಮ್ಮ ಸ್ವಂತ ಹೆಸರಿಗೆ ಬಂದು ನಿಂತ ಈ ಗಾಯಕರಿಗೆ ಆ ಪ್ರಯಾಣದಲ್ಲಿ ದೊರೆತುದೇನು, ಕಳೆದುದೇನು? ಅದಕ್ಕೂ ಮಿಗಿಲಾಗಿ, ಅವರ ಕೈಗೆ ಬಂದ ಶಿಶುನಾಳ ಶರೀಫರ ಪದಗಳಿಗೆ ಏನಾಯಿತು? ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಮಕ್ಕಳು ಶರೀಫರ ಪದವನ್ನು ಮೊದಲ ಸಲ ಕೇಳುವದು ಭಜನೆಯ ಗುಡಿಯಲ್ಲಲ್ಲ, ಮೊಬೈಲಿನಲ್ಲಿ. ಹಲವು ವೇಳೆ ಇವರದೇ ಕಂಠದಲ್ಲಿ. ಆದುದರಿಂದ ಈ ಪ್ರಶ್ನೆಯು ಕೇವಲ ಪಟ್ಟಣದ ತರುಣರ ಗೊಡವೆಯೆಂದು ಬಿಟ್ಟುಬಿಡುವಂತಿಲ್ಲ.

ರಾಕ್ ಮೇಳವೆಂದರೇನೆಂದು ತಿಳಿಯದವರಿಗೆ ಎರಡು ಮಾತು. ಹಾಡುವವನೊಬ್ಬ, ಗಿಟಾರಿನವರು ಒಬ್ಬರೋ ಇಬ್ಬರೋ, ಕೆಳಗಣ ಸ್ವರವನ್ನು ಹಿಡಿದಿಡುವ ಬಾಸ್ ಗಿಟಾರಿನವನೊಬ್ಬ, ಡ್ರಮ್ಮು ಬಾರಿಸುವವನೊಬ್ಬ—ಇಷ್ಟಿದ್ದರೆ ಮೇಳವಾಯಿತು. ಇವರೊಳಗೆ ಮುಂದೆ ನಿಂತು ಹಾಡುವವನು ಜನರ ಕಣ್ಣಿಗೆ ಬೀಳುವವನು. ಹಾಡು ಎಲ್ಲರದು, ಮುಖ ಅವನದು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಜನರಿಗೆ ಈ ಏರ್ಪಾಡು ಹೊಸದೇನೂ ಅಲ್ಲ. ಗೀಗೀ ಮೇಳದಲ್ಲಿ ಮುಂದಿನವನು ದಪ್ಪು ಹಿಡಿದು ನುಡಿಯೆತ್ತಿದರೆ ಹಿಂದಿನವರು ತುಂತುಣಿ, ತಾಳಗಳೊಡನೆ ಗೀ ಗೀ ಎಂದು ಆ ನುಡಿಯನ್ನು ಎತ್ತಿಕೊಳ್ಳುವರು. ಹಿಂದಿನ ದನಿ ಸೋತರೆ ಮುಂದಿನವನ ಹಾಡು ಅಲ್ಲಿಗೇ ಕುಸಿಯುವದು. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆರೆತುಹೋದ ಶ್ರೀಕೃಷ್ಣ ಪಾರಿಜಾತದಲ್ಲಿಯೂ ಹಾಗೆಯೇ. ಕೌಜಲಗಿಯ ನಿಂಗಮ್ಮನ ಹೆಸರನ್ನು ಕೇಳಿ ಜನರು ಹರದಾರಿಗಟ್ಟಲೆ ನಡೆದು ಬರುತ್ತಿದ್ದರೆಂಬುದು ನಿಜ. ಆದರೂ ಜನರು ನೋಡಿದೆವೆಂದು ಹೇಳುತ್ತಿದ್ದುದು ಪಾರಿಜಾತವನ್ನು. ಹೆಸರು ಎಷ್ಟೇ ದೊಡ್ಡದಾದರೂ ಅದು ಆಟದ ಒಳಗೆಯೇ ಇರುತ್ತಿತ್ತು.

ರಘು ದೀಕ್ಷಿತರು ೧೯೭೪ರಲ್ಲಿ ಹುಟ್ಟಿದವರು; ಬೆಳೆದುದು ಮೈಸೂರಿನಲ್ಲಿ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಶಾಸ್ತ್ರವನ್ನು ಓದಿ ಚಿನ್ನದ ಪದಕ ಪಡೆದರು. ಅದಕ್ಕೂ ಮೊದಲಿನಿಂದ ಭರತನಾಟ್ಯವನ್ನು ಕಲಿತು ವಿದ್ವತ್ತಿನವರೆಗೂ ಸಾಗಿದ್ದರು. ಗಿಟಾರು ಅವರ ಕೈಗೆ ಬಂದುದು ತಡವಾಗಿ, ಕಾಲೇಜಿನ ದಿನಗಳಲ್ಲಿ. ಈ ಕ್ರಮವು ವಿಮರ್ಶಕನಿಗೆ ಮುಖ್ಯವಾದುದು. ಮೊದಲು ಕಾಲು, ತರುವಾಯ ಕೈ, ಆಮೇಲೆ ಕಂಠ. ರಂಗದ ಮೇಲೆ ಅವರು ಬಣ್ಣದ ಲುಂಗಿಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿ ನಿಲ್ಲುವದನ್ನು ಕಂಡು ಅದು ಪರದೇಶದವರನ್ನು ಮರುಳುಗೊಳಿಸುವ ವೇಷವೆಂದು ಮೂಗು ಮುರಿದವರಿದ್ದಾರೆ. ಗೆಜ್ಜೆಯು ಅವರಿಗೆ ವೇಷವಲ್ಲ. ಅದು ಅವರ ಮೊದಲನೆಯ ವಾದ್ಯ. ಅವರ ಹಾಡುಗಳನ್ನು ಕಿವಿಗೊಟ್ಟು ಕೇಳಿದರೆ ಹೆಜ್ಜೆಯೇ ಮೊದಲು, ಸ್ವರ ಆಮೇಲೆ ಎಂಬುದು ತಿಳಿಯುವದು. ಅವರ ಧಾಟಿಗಳು ರಾಗದ ವಿಸ್ತಾರದಿಂದ ಹುಟ್ಟಿದವುಗಳಲ್ಲ, ನಡೆಯಿಂದ ಹುಟ್ಟಿದವುಗಳು. ಶಾಸ್ತ್ರೀಯ ಸಂಗೀತದ ರಸಿಕರು ಅವರಲ್ಲಿ ಕಾಣುವ ಕೊರತೆಗೂ, ಸಾಮಾನ್ಯ ಕೇಳುಗರು ಅವರಲ್ಲಿ ಕಾಣುವ ಸೊಗಸಿಗೂ ಕಾರಣ ಇದೊಂದೇ.

ಅವರ ಮೊದಲನೆಯ ಮೇಳದ ಹೆಸರು ‘ಅಂತರಗ್ನಿ’. ಪಿಟೀಲು ವಿದ್ವಾಂಸರಾದ ಎಚ್. ಎನ್. ಭಾಸ್ಕರರು ಅದರಲ್ಲಿ ಜೊತೆಗಿದ್ದರು. ಒಳಗಿನ ಬೆಂಕಿಯೆಂಬ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಇಟ್ಟ ಹೆಸರದು. ಸಂಧಿಯು ಶುದ್ಧವಾಗಿಯೇ ಇದೆ; ಆದರೆ ವೈದ್ಯಗ್ರಂಥಗಳಲ್ಲಿ ಅಂತರಗ್ನಿಯೆಂದರೆ ಜಠರಾಗ್ನಿಯೆಂಬುದನ್ನು ಹೆಸರಿಟ್ಟವರು ಅರಿತಿದ್ದರೋ ಇಲ್ಲವೋ! ಇರಲಿ, ಹಸಿವೂ ಒಂದು ಬೆಂಕಿಯೇ, ತರುಣ ಗಾಯಕರಿಗಂತೂ ಎರಡೂ ಬೆಂಕಿಗಳ ಪರಿಚಯವಿರುತ್ತದೆ. ಆ ಹೆಸರಿನಲ್ಲಿ ಯಾವ ಒಬ್ಬನ ಹೆಸರೂ ಇದ್ದಿಲ್ಲವೆಂಬುದು ಇಲ್ಲಿ ಹೇಳಬೇಕಾದ ಮಾತು. ಕೆಲವು ವರುಷಗಳ ತರುವಾಯ ಆ ಮೇಳವು ಕರಗಿತು. ಭಾಸ್ಕರರು ಕರ್ನಾಟಕ ಸಂಗೀತದ ಕಚೇರಿಗಳಲ್ಲಿ ಪಕ್ಕವಾದ್ಯದ ಹೆಸರಾಂತ ವಿದ್ವಾಂಸರಾದರು. ರಘು ದೀಕ್ಷಿತರು ಹೊಸದೊಂದು ಮೇಳವನ್ನು ಕಟ್ಟಿ ಅದಕ್ಕೆ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂದು ಹೆಸರಿಟ್ಟರು.

ಈ ಹೆಸರಿನಲ್ಲಿ ಎರಡು ಮಾತುಗಳು ಒಂದನ್ನೊಂದು ಎಳೆದಾಡುತ್ತಿವೆ. ಇದು ಬಾಗಿಲು ತೆರೆದ ಮನೆ, ಬೇರೆ ಬೇರೆ ಬಗೆಯ ಕಲಾವಿದರು ಬಂದು ಕೂಡಿ ನುಡಿಸಿ ಹೋಗಬಹುದಾದ ಚಾವಡಿ ಎಂಬುದು ಅದರ ಕಲ್ಪನೆ. ಪ್ರಾಜೆಕ್ಟ್, ಎಂದರೆ ಯೋಜನೆ, ಎಂಬ ಮಾತಿಗೆ ಆಧಾರವದು. ಆದರೆ ಮನೆಯ ಬಾಗಿಲ ಮೇಲಿನ ಫಲಕದಲ್ಲಿ ಇರುವದು ಯಜಮಾನನೊಬ್ಬನ ಹೆಸರು. ತೆರೆದ ಬಾಗಿಲಿನಲ್ಲಿ ಒಳಗೆ ಬರುವದು ಎಷ್ಟು ಸುಲಭವೋ ಹೊರಗೆ ಹೋಗುವದೂ ಅಷ್ಟೇ ಸುಲಭ. ಮೊದಲ ಕಾಲದಿಂದ ಬಾಸ್ ಗಿಟಾರು ನುಡಿಸುತ್ತ ಮೇಳದ ವ್ಯವಹಾರವನ್ನೂ ಹೊತ್ತಿದ್ದ ಗೌರವ್ ವಾಜರೇ ಮೊದಲಾಗಿ ಹಲವರು ಬಂದರು, ನುಡಿಸಿದರು, ಕೆಲವರು ಹೋದರು. ಮೇಳವು ಮಾತ್ರ ಉಳಿಯಿತು, ಏಕೆಂದರೆ ಹೆಸರಿನವರು ಉಳಿದರು. ಅಂತರಗ್ನಿಯಲ್ಲಿ ಒಬ್ಬಿಬ್ಬರು ಹೋದರೆ ಬೆಂಕಿಯೇ ನಂದಬಹುದಾಗಿತ್ತು. ಇಲ್ಲಿ ಆ ಭಯವಿಲ್ಲ. ಲೋಕವ್ಯವಹಾರದ ದೃಷ್ಟಿಯಿಂದ ಇದು ಜಾಣತನವೆಂದು ಒಪ್ಪಲೇಬೇಕು. ಕಲೆಯ ದೃಷ್ಟಿಯಿಂದ ಇದರ ಬೆಲೆಯನ್ನು ಮುಂದೆ ನೋಡಬಹುದು.

೨೦೦೮ರಲ್ಲಿ ಅವರ ಮೊದಲ ಸಂಪುಟವು ಹೊರಬಿತ್ತು. ಮುಂಬಯಿಯ ಚಲಚ್ಚಿತ್ರ ಸಂಗೀತಗಾರರಾದ ವಿಶಾಲ–ಶೇಖರರು ತಮ್ಮ ಧ್ವನಿಮುದ್ರಣ ಸಂಸ್ಥೆಯಿಂದ ಅದನ್ನು ಹೊರತಂದರು. ಅದರ ಹೆಸರೂ ಗಾಯಕರ ಹೆಸರೇ. ಹಿಂದೀ, ಇಂಗ್ಲೀಷು, ಕನ್ನಡ ಮೂರು ಭಾಷೆಗಳ ಹಾಡುಗಳು ಅದರಲ್ಲಿವೆ. ಕನ್ನಡದವುಗಳು ಶರೀಫರ ಪದಗಳು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’.

ಹಿಂದೀ ಹಾಡುಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ‘ಮೈಸೂರ್ ಸೇ ಆಯೀ’ ಎಂಬುದು ಚೇತೋಹಾರಿಯಾದ ಹಾಡು, ಜನಪ್ರಿಯವಾದುದೂ ಸಹಜ. ಆದರೆ ಮೈಸೂರಿನಲ್ಲಿ ಬೆಳೆದವರು ಮೈಸೂರನ್ನು ಹಿಂದಿಯ ಕಿಟಕಿಯಿಂದ, ಪರಸ್ಥಳದವನ ಬೆರಗಿನಿಂದ ನೋಡುವಾಗ ಊರಿನ ಹೆಸರು ಮಾತ್ರ ಉಳಿದು ಊರು ಮಾಯವಾಗುವದು. ಆ ಹಾಡಿನಲ್ಲಿ ಮೈಸೂರಿನ ಬದಲು ಅಷ್ಟೇ ಮಾತ್ರೆಗಳ ಇನ್ನೊಂದು ಊರಿನ ಹೆಸರನ್ನು ಕೂಡ್ರಿಸಿದರೂ ಹಾಡಿಗೆ ಬಾಧಕವಿಲ್ಲ. ಇದು ರಂಜಕನ ಹಾಡು. ಶಾರ್ಙ್ಗದೇವನು ಹಾಡುಗಾರರನ್ನು ಮತ್ತೊಂದು ಬಗೆಯಿಂದ ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವುಕರೆಂದು ಐವರನ್ನಾಗಿ ಮಾಡಿರುವನು. ಕೇಳುವವರನ್ನು ಒಲಿಸಿಕೊಳ್ಳುವವನು ರಂಜಕ. ರಘು ದೀಕ್ಷಿತರು ಹುಟ್ಟಾ ರಂಜಕರು. ಅದನ್ನು ಕುಂದೆಂದು ಎಣಿಸುವವರು ಸಭೆಯ ಮುಂದೆ ನಿಂತು ಒಮ್ಮೆಯಾದರೂ ಹಾಡಿ ನೋಡಬೇಕು.

ಅವರ ನಿಜವಾದ ಪರೀಕ್ಷೆ ಶರೀಫರಲ್ಲಿದೆ. ಶರೀಫರು (೧೮೧೯–೧೮೮೯) ಧಾರವಾಡ ಸೀಮೆಯ ಶಿಶುವಿನಹಾಳದವರು. ಕೆಲಕಾಲ ಶಾಲೆಯ ಮಾಸ್ತರಿಕೆ ಮಾಡಿ ಬಿಟ್ಟವರು. ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದವರು. ಅವರ ಪದಗಳು ಪುಸ್ತಕದಲ್ಲಿ ಅಚ್ಚಾಗುವದಕ್ಕೆ ಎಷ್ಟೋ ಮೊದಲು ಭಜನಾ ಮೇಳಗಳ ನಾಲಗೆಯ ಮೇಲೆ ಅಚ್ಚಾಗಿದ್ದವು. ಆ ಮೇಳಗಳಿಗೆ ಹೆಸರಿಲ್ಲ. ಇಂಥ ಊರಿನ ಮೇಳವೆಂದಷ್ಟೇ ಗುರುತು. ಪದಕ್ಕೆ ಮಾತ್ರ ಒಂದು ಗುರುತಿದೆ: ಕೊನೆಯ ನುಡಿಯ ಅಂಕಿತ. ಆ ಅಂಕಿತದಲ್ಲಿ ಕವಿಯ ಹೆಸರಿಲ್ಲ. ಶಿಶುನಾಳಧೀಶನೆಂದು ಊರ ಒಡೆಯನ ಹೆಸರು ಅಲ್ಲಿದೆ, ಇಲ್ಲವೆ ಗುರು ಗೋವಿಂದನ ಹೆಸರು. ವಚನಕಾರರಿಂದ ಹಿಡಿದು ದಾಸರವರೆಗೆ ಕನ್ನಡದ ಹಾಡುಗಬ್ಬದ ರೂಢಿಯೇ ಇದು: ಹಾಡಿದವನು ತನ್ನ ಹೆಸರನ್ನು ದೇವರ ಹೆಸರಿನ ಹಿಂದೆ ಅಡಗಿಸುವನು. ಹೊಸಗಾಲದಲ್ಲಿಯೂ ಬೇಂದ್ರೆಯವರು ಅಂಬಿಕಾತನಯದತ್ತರಾಗಿ ತಾಯಿಯ ಮರೆಯಲ್ಲಿ ನಿಂತರು. ಇದೇ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ಕೃಷ್ಣಶರ್ಮರು ಆನಂದಕಂದರಾಗಿ ಬರೆದರು. ಹೀಗಿರಲಾಗಿ, ಹಾಡುಗಾರನ ಸ್ವಂತ ಹೆಸರನ್ನು ಮೇಳಕ್ಕೂ ಸಂಪುಟಕ್ಕೂ ಎರಡು ಸಲ ಒತ್ತಿ ಹಚ್ಚಿದ ಹೊದಿಕೆಯೊಳಗೆ ತನ್ನ ಹೆಸರನ್ನೇ ಹೇಳದ ಶರೀಫರ ಪದವು ಬಂದು ಕುಳಿತುದು ಒಂದು ವಿಚಿತ್ರವೇ ಸರಿ.

ಗುಡುಗುಡಿಯ ಪದವನ್ನು ಮೊದಲು ನೋಡೋಣ. ಅಲಂಕಾರಶಾಸ್ತ್ರದಲ್ಲಿ ಸಾವಯವ ರೂಪಕವೆಂದು ಕರೆಯುವದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಸೇದುವವನ ಚೀಲ, ಚಿಲುಮೆ, ಬೆಂಕಿ, ಹೊಗೆ—ಒಂದೊಂದೂ ಮನಸ್ಸು ಬುದ್ಧಿ ಮೊದಲಾದ ಅಂತಃಕರಣದ ಒಂದೊಂದು ಅಂಗಕ್ಕೆ ಹೊಂದಿ ಬರುವದು. ಸೇದುವವನು ಸೇದಿದಷ್ಟೂ ಸುಟ್ಟುಹೋಗುವದು ಅವನ ಮೋಹ. ಕಟ್ಟೆಯ ಮೇಲೆ ಕುಳಿತು ಚಿಲುಮೆ ಹಚ್ಚಿದವನನ್ನು ಅವನ ಮಾತಿನಲ್ಲಿಯೇ ಮಾತನಾಡಿಸಿ, ಅವನ ಚಟದ ಸಾಮಾನನ್ನೇ ಯೋಗದ ಸಾಮಾನನ್ನಾಗಿ ಮಾಡಿದ ಚಮತ್ಕಾರ ಶರೀಫರದು. ಆದರೆ ರೂಪಕದ ಒಂದೊಂದು ಅವಯವವೂ ಮನಸ್ಸಿಗೆ ತಾಗಲು ಕೇಳುವವನಿಗೆ ತುಸು ಹೊತ್ತು ಬೇಕು. ಭಜನೆಯಲ್ಲಿ ಒಂದು ನುಡಿಯನ್ನು ಮುಂದಿನವನು ಹೇಳಿ ಹಿಂದಿನವರು ಮತ್ತೆ ಹೇಳುವದು ಆ ಹೊತ್ತನ್ನು ಒದಗಿಸುವದಕ್ಕಾಗಿಯೇ. ರಘು ದೀಕ್ಷಿತರ ಧಾಟಿಯಲ್ಲಿ ಈ ಪದವು ಓಡುವದು. ಪಲ್ಲವಿಯು ಗಿಟಾರಿನ ಪೆಟ್ಟಿಗೆ ಸಿಕ್ಕಿ ಕುಣಿಯುವದು, ಸಭೆಯೂ ಕುಣಿಯುವದು. ನುಡಿಗಳು ಮಾತ್ರ, ಓಡುವ ಬಂಡಿಯಿಂದ ಕಂಡ ಮೈಲುಗಲ್ಲುಗಳಂತೆ, ಓದುವಷ್ಟರಲ್ಲಿ ಹಿಂದೆ ಬೀಳುವವು. ಫಲವೇನಾಯಿತೆಂದರೆ ಕೇಳುವ ತರುಣನ ಕೈಗೆ ವಾಚ್ಯಾರ್ಥವು ಉಳಿದು ವ್ಯಂಗ್ಯಾರ್ಥವು ಜಾರಿತು. ಸೇದಿ ನೋಡೆಂಬ ಕರೆಯನ್ನು ಆತನು ಬೇರೆಯೇ ಹೊಗೆಗೆ ಹೊಂದಿಸಿಕೊಂಡರೆ ತಪ್ಪು ಅವನದೆನ್ನುವದು ಕಷ್ಟ. ಇಲ್ಲಿ ಗಾಯಕರು ಪದವನ್ನು ಹಾಡಿದರೇ ಹೊರತು ನುಡಿಯಲಿಲ್ಲ.

‘ಸೋರುತಿಹುದು’ ಪದದಲ್ಲಿ ಪರಿಸ್ಥಿತಿಯು ಬೇರೆ. ಮಣ್ಣಿನ ಮಾಳಿಗೆಯ ಮನೆಯಲ್ಲಿ ಬಾಳಿದವರಿಗೆ ಈ ಪದದ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ. ಮಳೆಗಾಲಕ್ಕೆ ಮೊದಲು ಮೇಲೆ ಹತ್ತಿ, ಹುಲ್ಲು ಕಿತ್ತು, ಹೊಸ ಮಣ್ಣು ಹಾಕಿ ಬಡಿಯದಿದ್ದರೆ, ಆಷಾಢದ ಒಂದು ರಾತ್ರಿ ಮನೆಯಲ್ಲಿದ್ದ ಬೋಗುಣಿ, ತಪ್ಪಲೆಗಳನ್ನೆಲ್ಲ ನೆಲದ ಮೇಲೆ ಅಲ್ಲಲ್ಲಿ ಇಟ್ಟು, ಮಲಗಿದ ಮಕ್ಕಳನ್ನು ಈ ಮೂಲೆಯಿಂದ ಆ ಮೂಲೆಗೆ ಎಳೆಯಬೇಕಾಗುವದು. ಕತ್ತಲೆಯಲ್ಲಿ ಮೇಲೆ ಹತ್ತುವ ಧೈರ್ಯವಿಲ್ಲ. ಕೆಳಗೆ ಮಲಗುವ ಸುಖವಿಲ್ಲ. ಅಜ್ಞಾನದಿಂದ ಸೋರುವ ದೇಹದ ಮನೆಗೆ ಶರೀಫರು ಈ ಅನುಭವವನ್ನು ಹೊಂದಿಸಿದಾಗ ಕೇಳುವವನ ಬೆನ್ನಿಗೆ ತಣ್ಣೀರು ಬಿದ್ದಂತಾಗುವದು. ೧೯೯೦ರಲ್ಲಿ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಲಚ್ಚಿತ್ರಕ್ಕೆ ಸಂಗೀತವನ್ನು ಒದಗಿಸಿದ ಸಿ. ಅಶ್ವತ್ಥರು ಶರೀಫರ ಪದಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದರು. ಅವರ ಎತ್ತರದ, ಗಂಟಲು ಬಿಚ್ಚಿದ ದನಿಯನ್ನು ಕೇಳಿ ಬೆಳೆದವರಿಗೆ ಈ ಪದಗಳು ಬೇರೆ ದನಿಯಲ್ಲಿ ಇರಬಹುದೆಂಬುದೇ ತೋಚದು. ಅಂಥ ನೆರಳಿನಲ್ಲಿ ನಿಂತು ಅದೇ ಕವಿಯ ಪದವನ್ನೆತ್ತುವದು ಸಾಹಸದ ಕೆಲಸ. ರಘು ದೀಕ್ಷಿತರು ಅಶ್ವತ್ಥರನ್ನು ಅನುಕರಿಸಲಿಲ್ಲ. ಅನುಕಾರನ ಪಂಗಡಕ್ಕೆ ಸೇರದಿದ್ದುದೇ ಅವರ ಮೊದಲ ಗೆಲುವು. ಅಶ್ವತ್ಥರಲ್ಲಿ ಸಂತನು ಜನರಿಗೆ ಎಚ್ಚರಿಕೆ ಹೇಳುವನು. ದೀಕ್ಷಿತರಲ್ಲಿ ಆ ಮನೆಯೊಳಗೆ ಮಲಗಿದವನೇ ಎದ್ದು ಕೂಗುವನು. ಎರಡನೆಯ ಬಗೆಯು ಮೊದಲನೆಯದಕ್ಕಿಂತ ಹಗುರವೆನ್ನಬಹುದು, ಸುಳ್ಳೆನ್ನಲಾಗದು.

೨೦೧೩ರ ‘ಜಗ್ ಚಂಗಾ’ ಎಂಬ ಎರಡನೆಯ ಸಂಪುಟದಲ್ಲಿ ಅವರು ಮತ್ತೆ ಶರೀಫರ ಕಡೆಗೆ ತಿರುಗಿ ‘ಲೋಕದ ಕಾಳಜಿ’, ‘ಕೋಡಗನ ಕೋಳಿ ನುಂಗಿತ್ತ’ ಎಂಬ ಪದಗಳನ್ನು ಎತ್ತಿಕೊಂಡರು. ಇವರ ಎಲ್ಲ ಕೃತಿಗಳಲ್ಲಿ ಕೋಡಗನ ಪದಕ್ಕೇ ಮೊದಲ ಮಣೆ ಕೊಡಬೇಕು. ಕಾರಣವು ಪದದ ಜಾತಿಯಲ್ಲಿಯೇ ಇದೆ. ಇದು ಬೆಡಗಿನ ಪದ. ಬೆಡಗಿನಲ್ಲಿ ಅರ್ಥವು ಬೇಕೆಂದೇ ಅಡಗಿರುತ್ತದೆ. ಮೊದಲ ಕೇಳಿಕೆಯಲ್ಲಿ ತಿಳಿಯಬಾರದು, ನಗು ಬರಬೇಕು, ನಗುತ್ತ ನಗುತ್ತ ಪದವು ನಾಲಗೆಗೆ ಅಂಟಬೇಕು, ಎಷ್ಟೋ ವರುಷಗಳ ಮೇಲೆ ಎಂದೋ ಒಂದು ದಿನ ಅರ್ಥವು ತಾನಾಗಿ ಬಿಚ್ಚಿಕೊಳ್ಳಬೇಕು. ಆದುದರಿಂದ ಗುಡುಗುಡಿಯ ಪದವನ್ನು ಕೆಡಿಸಿದ ಅದೇ ವೇಗವು ಈ ಪದಕ್ಕೆ ಬಲವಾಗಿ ಬಂದಿತು. ಅದನ್ನು ಇದು ನುಂಗಿತು, ಇದನ್ನು ಅದು ನುಂಗಿತು ಎಂದು ಸಾಲುಸಾಲಾಗಿ ಏರುವ ಪದಕ್ಕೆ ಮೇಳದ ವಾದ್ಯಗಳೂ ಒಂದನ್ನೊಂದು ನುಂಗುವಂತೆ ಏರುತ್ತ ಬರುವದು ಔಚಿತ್ಯವೇ ಆಗಿದೆ. ಕ್ಷೇಮೇಂದ್ರನು ಕಾವ್ಯದ ಜೀವಿತವೆಂದು ಹೇಳಿದ ಔಚಿತ್ಯವನ್ನು ಅವರು ತಿಳಿದು ಸಾಧಿಸಿದರೋ ತಿಳಿಯದೆಯೋ, ಸಾಧಿಸಿದುದಂತೂ ನಿಜ. ಈ ಪದದ ಕೊನೆಯಲ್ಲಿ ಗುರುವಿನ ಪಾದವು ಹಾಡುವವನನ್ನೇ ನುಂಗಿಬಿಡುವದು. ನಾನೆಂಬವನು ಅಲ್ಲಿ ಉಳಿಯುವದಿಲ್ಲ. ಮೇಳದ ದನಿಯು ಎಲ್ಲಕ್ಕಿಂತ ಮೇಲಕ್ಕೇರಿ ಮುಂದಿನವನ ದನಿಯು ಅದರಲ್ಲಿ ಕರಗಿದಾಗ ಫಲಕದ ಮೇಲಿನ ಹೆಸರೂ ಒಂದು ಗಳಿಗೆ ಅಳಿಸಿಹೋಗುವದು. ದೀಕ್ಷಿತರು ಉತ್ತಮರಾಗುವದು ಇಂಥ ಗಳಿಗೆಗಳಲ್ಲಿ.

೨೦೧೦ರಲ್ಲಿ ಇಂಗ್ಲಂಡಿನ ಬಿಬಿಸಿಯಲ್ಲಿ ಜೂಲ್ಸ್ ಹಾಲಂಡರ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಅವರ ಮೊದಲ ಸಂಪುಟಕ್ಕೆ ಅಲ್ಲಿ ಬೇಡಿಕೆ ಬಂದಿತು. ೨೦೧೧ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯವರು ಹೊಸಬರಿಗಾಗಿ ಕೊಡುವ ಪ್ರಶಸ್ತಿಯು ದೊರೆಯಿತು. ಅದೇ ವರುಷ ಗ್ಲಾಸ್ಟನ್‌ಬರಿಯ ದೊಡ್ಡ ಜಾತ್ರೆಯಲ್ಲಿ ಹಾಡಿದರು. ಕನ್ನಡದ ಒಂದಕ್ಷರವನ್ನೂ ಅರಿಯದ ಜನರು ಇವರ ಪಲ್ಲವಿಗಳಿಗೆ ದನಿಗೂಡಿಸಿ ಕುಣಿಯುವದನ್ನು ಕಂಡು ಕೆಲವರು ಹಿಗ್ಗಿದರು, ಕೆಲವರು ತತ್ತ್ವಪದವನ್ನು ಬೀದಿಗೆ ತಂದರೆಂದು ನೊಂದರು. ನೊಂದವರಿಗೆ ಇಷ್ಟೇ ಹೇಳಬಹುದು: ತತ್ತ್ವಪದವು ಎಂದಾದರೂ ಬೀದಿಯನ್ನು ಬಿಟ್ಟಿದ್ದಿತೇ? ಸಂತೆ, ಚಾವಡಿ, ಅಗಸೆಯ ಕಟ್ಟೆಗಳಲ್ಲಿ ಹುಟ್ಟಿದುದನ್ನು ಮಡಿಯುಡಿಸಿ ಗರ್ಭಗುಡಿಯಲ್ಲಿಟ್ಟವರು ನಾವು, ಪಾಠ ಹೇಳುವವರು.

ಚಲಚ್ಚಿತ್ರಗಳ ಕೆಲಸವು ಇನ್ನೊಂದು ಪ್ರಕರಣ. ೨೦೦೮ರ ‘ಸೈಕೋ’ ಚಿತ್ರಕ್ಕೆ ಅವರು ಮಾಡಿದ ಮಾದೇಶ್ವರನ ಹಾಡು ನಾಡೆಲ್ಲ ಹರಡಿತು. ಕಂಸಾಳೆಯವರ ಗತ್ತನ್ನು ಚಿತ್ರಗೀತೆಯೊಳಗೆ ತಂದು ಕೂಡ್ರಿಸಿದ ಆ ಹಾಡಿನಲ್ಲಿ ಅವರ ಕಾಲಿನ ಅರಿವು ಮತ್ತೆ ಕೈಹಿಡಿದಿದೆ. ೨೦೧೦ರ ‘ಜಸ್ಟ್ ಮಾತ್ ಮಾತಲ್ಲಿ’ ಚಿತ್ರದ ಹಾಡುಗಳೂ ಇಂಪಾಗಿವೆ. ಆದರೆ ಚಿತ್ರಸಂಗೀತದಲ್ಲಿ ಮೇಳವೆಂಬುದಿಲ್ಲ, ಕೂಲಿಗೆ ಬಂದು ನುಡಿಸಿ ಹೋಗುವವರಿದ್ದಾರೆ. ಮಾತಿಗೆ ಧಾತುವನ್ನು ಹೊಂದಿಸುವ ಬದಲು ಧಾತುವಿಗೆ ಮಾತನ್ನು ಹೊಂದಿಸುವ ರೂಢಿಯೇ ಹೆಚ್ಚು. ಅನ್ಯರ ಧಾತುವಿಗೆ ಮಾತು ಕಟ್ಟುವವನನ್ನು ಶಾರ್ಙ್ಗದೇವನು ಕುಟ್ಟಿಕಾರನೆಂದು ಕರೆದು, ವಾಗ್ಗೇಯಕಾರರ ಪಂಕ್ತಿಯಲ್ಲಿ ತೀರ ಕೆಳಗೆ ಕುಳ್ಳಿರಿಸಿರುವನು. ಇಂದಿನ ಚಿತ್ರಕವಿಗಳ ಪುಣ್ಯ, ಆ ಗ್ರಂಥವನ್ನು ಓದುವವರು ಕಡಿಮೆ. ದೀಕ್ಷಿತರು ಶರೀಫರಲ್ಲಿ ಮಾಡಿದುದು ಇದರ ವಿರುದ್ಧವಾದ ಕೆಲಸ: ಮಾತು ಮೊದಲೇ ಇತ್ತು, ಶತಮಾನ ಮೀರಿ ಗಟ್ಟಿಗೊಂಡಿತ್ತು, ಧಾತು ಅದಕ್ಕೆ ಬಗ್ಗಬೇಕಾಯಿತು. ಅವರ ಉಳಿದ ಹಾಡುಗಳಿಗಿಂತ ಇವು ಹೆಚ್ಚು ಬಾಳುವವೆಂದು ಎಣಿಸುವದಕ್ಕೆ ಆ ಬಗ್ಗುವಿಕೆಯೇ ಕಾರಣ.

ಮೇಳವನ್ನು ಬಿಟ್ಟು ಒಬ್ಬನೇ ಹೊರಟವರ ಕಥೆ ಪಶ್ಚಿಮದಲ್ಲಿ ಬೇಕಾದಷ್ಟಿದೆ. ಅವರೊಳಗೆ ಒಬ್ಬರು ನಮ್ಮ ಕಡೆಗೆ ತೀರ ದೂರದವರಲ್ಲ. ಜಗತ್ಪ್ರಸಿದ್ಧ ‘ಕ್ವೀನ್’ ಮೇಳದ ಫ್ರೆಡ್ಡಿ ಮರ್ಕ್ಯುರಿಯವರು (೧೯೪೬–೧೯೯೧) ಜಾಂಜಿಬಾರಿನಲ್ಲಿ ಹುಟ್ಟಿದ ಪಾರ್ಸಿಗಳು. ಮೊದಲ ಹೆಸರು ಫರೋಖ್ ಬುಲ್ಸಾರಾ. ಓದಿದುದು ಸಾತಾರೆಯ ಮೇಲಿನ ಪಂಚಗಣಿಯ ಶಾಲೆಯಲ್ಲಿ. ಬೆಳಗಾವಿ ಜಿಲ್ಲೆಯಿಂದ ಪುಣೆಯ ದಾರಿ ಹಿಡಿದವರಿಗೆ ಆ ಬೆಟ್ಟಸಾಲು ಗುರುತಿನದೇ. ೧೯೮೫ರಲ್ಲಿ ಅವರು ಮೇಳವನ್ನು ಬದಿಗಿಟ್ಟು ತಮ್ಮೊಬ್ಬರ ಹೆಸರಿನಲ್ಲಿ ಸಂಪುಟವೊಂದನ್ನು ಹೊರತಂದರು. ಕಂಠವು ಅದೇ, ಕೌಶಲವು ಅದೇ. ಆದರೂ ಅದು ಕ್ವೀನ್ ಮೇಳದ ಎತ್ತರಕ್ಕೆ ಏರಲಿಲ್ಲ. ಅದೇ ವರುಷ ಜುಲೈ ೧೩ರಂದು ಲಂಡನ್ನಿನ ವೆಂಬ್ಲಿಯಲ್ಲಿ, ಇಥಿಯೋಪಿಯದ ಕ್ಷಾಮಪೀಡಿತರ ಸಹಾಯಾರ್ಥವಾಗಿ ನಡೆದ ಕೂಟದಲ್ಲಿ, ಮೇಳದ ಮುಂದೆ ನಿಂತು ಇಪ್ಪತ್ತು ನಿಮಿಷ ಹಾಡಿದುದನ್ನು ಜನರು ಇಂದಿಗೂ ನೆನೆಯುವರು. ಆತನ ಬೆನ್ನ ಹಿಂದೆ ಮೂವರಿದ್ದರು. ಆ ಮೂವರೂ ತಮ್ಮಷ್ಟಕ್ಕೆ ಹಾಡು ಕಟ್ಟಬಲ್ಲವರು, ಬೇಡವೆನ್ನಬಲ್ಲವರು. ಕೂಲಿಗೆ ಬಂದ ವಾದ್ಯಗಾರನು ಬೇಡವೆನ್ನುವದಿಲ್ಲ. ಏಕಲನಾಗ ಹೊರಟ ಮುಖ್ಯಗಾಯನನಿಗೆ ಮೊದಲು ನಷ್ಟವಾಗುವದು ಆ ಬೇಡವೆಂಬ ಮಾತು. ‘ಗುಡುಗುಡಿ’ಯ ಧಾಟಿಯನ್ನು ಕಟ್ಟುವಾಗ, ತುಸು ನಿಧಾನವೆಂದು ತಡೆಯುವ ಸರಿಜೋಡಿ ಒಬ್ಬರು ಪಕ್ಕದಲ್ಲಿ ಇದ್ದಿದ್ದರೆ ಚೆನ್ನಾಗಿತ್ತು.

ಮನೆಯೊಳಗಿನ ಉದಾಹರಣೆಯೇ ಒಂದಿದೆ. ರಘು ದೀಕ್ಷಿತರ ತಮ್ಮ ವಾಸು ದೀಕ್ಷಿತರು ‘ಸ್ವರಾತ್ಮ’ ಮೇಳದ ಮುಂದಾಳು ಗಾಯಕರು. ಈ ಮೇಳವು ೨೦೦೯ರಲ್ಲಿ ಮೇಳದ ಹೆಸರಿನ ಮೊದಲ ಸಂಪುಟವನ್ನೂ, ೨೦೧೨ರಲ್ಲಿ ‘ಟೋಪಿವಾಲೆ’ಯನ್ನೂ, ೨೦೧೮ರಲ್ಲಿ ‘ರಾಹ್-ಎ-ಫಕೀರಾ’ವನ್ನೂ ಹೊರತಂದಿತು. ಜಾತ್ರೆಯ ಕೀಲುಕುದುರೆಯನ್ನು ಸೊಂಟಕ್ಕೆ ಕಟ್ಟಿ ರಂಗದ ಮೇಲೆ ಕುಣಿದವರು ಈ ವಾಸು. ಸ್ವರಾತ್ಮದ ಹಾಡುಗಳಲ್ಲಿ ಅಣ್ಣನ ಹಾಡುಗಳಲ್ಲಿರುವ ಮಿಂಚು ಕಡಿಮೆ, ಒಳಗಿನ ಮಾತುಕತೆ ಹೆಚ್ಚು. ಒಂದು ವಾದ್ಯವು ಕೇಳಿದ ಪ್ರಶ್ನೆಗೆ ಇನ್ನೊಂದು ಉತ್ತರ ಕೊಡುವದನ್ನು ಅಲ್ಲಿ ಕೇಳಬಹುದು. ಈಚೆಗೆ ವಾಸು ದೀಕ್ಷಿತರೂ ತಮ್ಮ ಹೆಸರಿನಲ್ಲಿ ಬೇರೊಂದು ಕೂಟವನ್ನು ಕಟ್ಟಿ ಕನ್ನಡದ ಹಳೆಯ ಪದಗಳ ಕಡೆಗೆ ಹೊರಳಿದ್ದಾರೆ. ಆ ಕೂಟಕ್ಕೆ ‘ವಾಸು ದೀಕ್ಷಿತ್ ಕಲೆಕ್ಟಿವ್’ ಎಂದು ಹೆಸರು. ಅಣ್ಣನದು ಯೋಜನೆ, ತಮ್ಮನದು ಸಮೂಹ. ಎರಡರ ತಲೆಯ ಮೇಲೂ ಸ್ವಂತ ಹೆಸರು. ಒಬ್ಬನೇ ಹಾಡುವ ಆಸೆಯಿದ್ದರೂ ಒಬ್ಬನೇ ಎಂದು ಹೇಳಿಕೊಳ್ಳಲು ಇಬ್ಬರಿಗೂ ಸಂಕೋಚವಾದಂತಿದೆ. ಆ ಸಂಕೋಚವು ಒಳ್ಳೆಯದು. ನಮ್ಮ ನೆಲದ ಅಂಕಿತದ ರೂಢಿಯು ಅವರ ರಕ್ತದಲ್ಲಿ ಇನ್ನೂ ಪೂರ್ತಿ ಆರಿಲ್ಲವೆಂಬುದಕ್ಕೆ ಅದು ಸಾಕ್ಷಿ.

ಇಲ್ಲಿ ಕರ್ನಾಟಕ ಸಂಗೀತದ ಕಚೇರಿಯ ಒಂದು ಪದ್ಧತಿಯನ್ನು ನೆನೆಯಬೇಕು. ಕಚೇರಿಯ ಆಮಂತ್ರಣಪತ್ರಿಕೆಯಲ್ಲಿ ಹಾಡುವವರ ಹೆಸರಿನ ಕೆಳಗೆ ಪಿಟೀಲು ಯಾರು, ಮೃದಂಗ ಯಾರು, ಘಟ ಯಾರು ಎಂದು ಒಬ್ಬೊಬ್ಬರ ಹೆಸರೂ ಅಚ್ಚಾಗುವದು. ಗಾಯಕನು ಏಕಲನೇ, ಆದರೂ ಪಕ್ಕವಾದ್ಯದವರು ಯಾರೆಂಬುದನ್ನು ನೋಡಿಯೇ ಕಚೇರಿಗೆ ಹೋಗುವ ರಸಿಕರಿದ್ದಾರೆ. ಅಂತರಗ್ನಿಯ ಪಿಟೀಲಿನವರು ಇಂಥ ಪತ್ರಿಕೆಗಳಿಗೆ ಹೋಗಿ ಸೇರಿದರೆಂಬುದು ಯೋಚಿಸತಕ್ಕ ವಿಷಯ. ಅಲ್ಲಿ ಅವರ ಹೆಸರಿಗೆ ಎರಡನೆಯ ಸಾಲಿನಲ್ಲಿಯಾದರೂ ಗಟ್ಟಿಯಾದ ಸ್ಥಳವಿದೆ. ಪ್ರಾಜೆಕ್ಟಿನ ಹಾಡುಗಳನ್ನು ನೂರು ಸಲ ಕೇಳಿದವರನ್ನು ಕರೆದು, ಕೊಳಲು ಯಾರದು, ಡ್ರಮ್ಮು ಯಾರದು ಎಂದು ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುವರು. ಕೊಳಲು ಇಲ್ಲದೆ ಆ ಹಾಡುಗಳಲ್ಲಿ ಅರ್ಧ ಇಂಪು ಉಳಿಯದು. ರಂಗದ ಮೇಲೆ ರಘು ದೀಕ್ಷಿತರು ಜೊತೆಗಾರರ ಹೆಸರುಗಳನ್ನು ಕೂಗಿ ಹೇಳಿ ಜನರಿಂದ ಚಪ್ಪಾಳೆ ಕೊಡಿಸುವದುಂಟು. ಅದು ಆ ರಾತ್ರಿಯ ಮಟ್ಟಿಗೆ. ಫಲಕದ ಮೇಲೆ ಬರೆದುದು ಮರುದಿನವೂ ಇರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಈ ಹಾಡುಗಾರಿಕೆಯಿಂದ ಶರೀಫರ ಪದಗಳಿಗೆ ಏನಾಯಿತೆಂಬ ಮೊದಲಿನ ಪ್ರಶ್ನೆಗೆ ಉತ್ತರವು ಮಾಯಾಬಜಾರಿನ ಅಂಗಡಿಯಲ್ಲಿ ಸಿಕ್ಕದು, ಹಳ್ಳಿಯ ಗುಡಿಯಲ್ಲಿ ಸಿಕ್ಕೀತು. ಗೋಕಾಕ ಸೀಮೆಯ ಭಜನಾ ಮೇಳಗಳಲ್ಲಿ ಮುದುಕರು ಕಡಿಮೆಯಾಗುತ್ತಿದ್ದಾರೆ, ಅವರ ಸ್ಥಳಕ್ಕೆ ಕಾಲೇಜಿಗೆ ಹೋಗುವ ಹುಡುಗರು ಅಲ್ಲೊಬ್ಬ ಇಲ್ಲೊಬ್ಬರಾಗಿ ಬಂದು ಕೂಡ್ರುತ್ತಿದ್ದಾರೆ. ಬಂದವರಲ್ಲಿ ಹಲವರು ಪದವನ್ನು ಕಲಿತುದು ಅಜ್ಜನಿಂದಲ್ಲ. ಅವರು ಕೋಡಗನ ಪದವನ್ನು ಎತ್ತಿದಾಗ ಅದು ಹೊಸ ಧಾಟಿಯಲ್ಲಿಯೇ ಏಳುವದು. ಪೇಟಿಯ ಮೇಲೆ ಕುಳಿತ ಹಿರಿಯನು ಮೊದಲ ನುಡಿಯಲ್ಲಿ ತಡವರಿಸುವನು, ಎರಡನೆಯದರಲ್ಲಿ ಸ್ವರವನ್ನು ಹುಡುಕುವನು. ತಾಳದವನಿಗೆ ಏನೂ ತೊಂದರೆಯಿಲ್ಲ, ನಡೆಯು ಅವನಿಗೆ ಗುರುತಿನದೇ. ಸಮಾರಂಭಗಳಲ್ಲಿ, ಆಕಾಶವಾಣಿಯಲ್ಲಿ ಹೊತ್ತು ಸಾಲದಾದಾಗ ಕತ್ತರಿಯು ಮೊದಲು ಬೀಳುವದು ಅಂಕಿತವಿರುವ ಕೊನೆಯ ನುಡಿಗೆ. ಗುಡಿಯಲ್ಲಿ ಹಾಗೆ ಬಿಡಲಾಗದು. ಹುಡುಗನು ಅಲ್ಲಿಗೆ ನಿಲ್ಲಿಸಲು ನೋಡಿದರೂ ಹಿಂದಿನವರು ಗುರುವಿನ ಪಾದದ ನುಡಿಯನ್ನು ತಾವೇ ಎತ್ತುವರು, ಅದೂ ಹಳೆಯ ಧಾಟಿಯಲ್ಲಿ, ಸಾವಕಾಶವಾಗಿ. ಮುಂದೆ ಕುಳಿತ ಹುಡುಗನು ಆಗ ಅವರ ದನಿಗೆ ದನಿ ಸೇರಿಸುವನು.